ಕಾಗದ ಕಾರ್ಖಾನೆಯ ಕೆಸರನ್ನು ತೋಟಕ್ಕೆ ಹಾಕಬಹುದಾ?

ಸಕಲೇಶಪುರ, ಮೂಡಿಗೆರೆ ಕಡೆಯ ಬೆಳೆಗಾರರು ಈ ಪ್ರಶ್ನೆ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಬಿಳಿ ಕೆಸರೋ, ಬೂದು ಕೆಸರೋ? ಎರಡೂ ಒಂದೇ ಕಾರ್ಖಾನೆಯಿಂದ ಬರಬಹುದು. ಮಣ್ಣಿನಲ್ಲಿ ಮಾಡುವ ಕೆಲಸ ಮಾತ್ರ ಪೂರ್ತಿ ಬೇರೆ.

ಬಿಳಿಯದು ಸುಣ್ಣದ ಕೆಸರು. ಮರದ ಚಕ್ಕೆ ಬೇಯಿಸಿದ ರಾಸಾಯನಿಕವನ್ನು ಮತ್ತೆ ಬಳಸಲು ಅದಕ್ಕೆ ಸುಣ್ಣ ಬೆರೆಸುತ್ತಾರೆ. ಕೊನೆಗೆ ಉಳಿಯುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಅಂಗಡಿಯ ಕೃಷಿ ಸುಣ್ಣವೂ ಹೆಚ್ಚುಕಡಿಮೆ ಅದೇ ಅಲ್ವಾ? ಮಲೆನಾಡಿನ ಮಳೆ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ತೊಳೆದುಕೊಂಡು ಹೋಗುತ್ತದೆ. ಮೇಲಿಂದ ನಾವು ಹಾಕುವ ಯೂರಿಯಾ ಮಣ್ಣನ್ನು ಇನ್ನೂ ಹುಳಿ ಮಾಡುತ್ತದೆ. ಹುಳಿಯ ಅಳತೆಯಾದ ಪಿಎಚ್ (ಇದು ಇಳಿದಷ್ಟೂ ಹುಳಿ ಜಾಸ್ತಿ) 5ಕ್ಕಿಂತ ಕೆಳಗಿಳಿದರೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿ ಕೆಡುತ್ತದೆ, ಕೊಟ್ಟ ರಂಜಕವೂ ಗಿಡಕ್ಕೆ ಸಿಗುವುದಿಲ್ಲ. ಕಾಫಿಗೆ 6ರ ಆಸುಪಾಸು ಬೇಕು. ಇಂಥ ತೋಟಕ್ಕೆ ಬಿಳಿ ಕೆಸರು ಒಳ್ಳೆಯದೇ. ಪುಡಿ ನುಣ್ಣಗಿರುವುದರಿಂದ ಕೆಲಸವೂ ಬೇಗ. ಆದರೆ ಮೆಗ್ನೀಸಿಯಂ ಕೊರತೆಯಿದ್ದರೆ ಡಾಲೊಮೈಟೇ, ಅಂದರೆ ಮೆಗ್ನೀಸಿಯಂ ಇರುವ ಸುಣ್ಣಕಲ್ಲಿನ ಪುಡಿಯೇ ಸರಿ. ಇನ್ನೊಂದು, ಟಿಪ್ಪರ್ ಲೋಡಿನಲ್ಲಿ ಸಾಕಷ್ಟು ನೀರೇ ಇರುತ್ತದೆ. ಸುಣ್ಣದ ಬೆಲೆ ಕೊಟ್ಟು ನೀರು ತರಬೇಡಿ.

ಬೂದು ಬಣ್ಣದ್ದು ನಾರಿನ ಕೆಸರು, ಅಂದರೆ ಕಾಗದವಾಗದೆ ಉಳಿದ ಮರದ ನಾರು. ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಇದರಲ್ಲಿ ಇಂಗಾಲ ವಿಪರೀತ, ಸಾರಜನಕ ತೀರಾ ಕಡಿಮೆ. ಒಂದು ಪಾಲು ಸಾರಜನಕಕ್ಕೆ ಇಂಗಾಲ ನೂರು ಪಾಲನ್ನೂ ದಾಟಬಹುದು. ಹಸಿಯಾಗಿ ಹರಡಿದರೆ ಅದನ್ನು ಕೊಳೆಸುವ ಜೀವಾಣುಗಳು ಮಣ್ಣಿನ ಸಾರಜನಕವನ್ನೇ ತಿನ್ನುತ್ತವೆ. ಗಿಡ ಹಳದಿಯಾಗುತ್ತದೆ. ಯಜಮಾನರು ರೋಗ ಅಂದುಕೊಂಡು ಔಷಧಿ ಹೊಡೆಸುತ್ತಾರೆ, ಸುಮ್ನೆ ಖರ್ಚು. ಸಗಣಿ, ಕೋಳಿಗೊಬ್ಬರ, ಕಾಫಿ ಹಣ್ಣಿನ ಸಿಪ್ಪೆ ಸೇರಿಸಿ ತಿಪ್ಪೆಯಲ್ಲಿ ಚೆನ್ನಾಗಿ ಕೊಳೆಸಿ. ಆಮೇಲೆ ಹಾಕಿದರೆ ಮಣ್ಣು ಹಗುರಾಗುತ್ತದೆ, ತೇವ ಹಿಡಿಯುತ್ತದೆ.

ಹಳೇ ಕಾಗದ ಕರಗಿಸುವ ಮಿಲ್ಲಿನ ಕೆಸರಾದರೆ ನಾನಂತೂ ಮುಂದೆ ಹೋಗಲು ಹೇಳುವುದಿಲ್ಲ. ಶಾಯಿ, ಪ್ಲಾಸ್ಟಿಕ್ ಚೂರು ಅದರಲ್ಲೇ ಉಳಿದಿರುತ್ತವೆ. ಬಿಳಿ ಕೆಸರಿಗೂ ಸೋಡಿಯಂ ಮತ್ತು ಭಾರಲೋಹದ ಪರೀಕ್ಷಾ ವರದಿ ಕೇಳಿ. ಕಾರ್ಖಾನೆಯಲ್ಲಿ ಸರಿಯಾಗಿ ತೊಳೆಯದಿದ್ದರೆ ಸೋಡಿಯಂ ಉಳಿದು ಮಣ್ಣು ಗಟ್ಟಿಯಾಗುತ್ತದೆ. ಸುಣ್ಣವನ್ನೂ ಯೂರಿಯಾವನ್ನೂ ಒಟ್ಟಿಗೆ ಹಾಕಬೇಡಿ, ಸಾರಜನಕ ಗಾಳಿಗೆ ಹೋಗುತ್ತದೆ.

ಕಡೂರು, ಅರಸೀಕೆರೆ ಕಡೆ ಹಲವು ಹೊಲಗಳಲ್ಲಿ ಸುಣ್ಣದ ಅಂಶ ಮೊದಲೇ ಇರುತ್ತದೆ. ಅಲ್ಲಿ ಬಿಳಿ ಕೆಸರು ಬೇಡ. ಹಾಸನದ ಆಲೂಗಡ್ಡೆ ಹೊಲಕ್ಕೂ ಪರೀಕ್ಷೆಯಿಲ್ಲದೆ ಬೇಡ: ಪಿಎಚ್ ಏರಿದರೆ ಗಡ್ಡೆಯ ಮೇಲೆ ಕಜ್ಜಿ ಹೆಚ್ಚುತ್ತದೆ, ಮಂಡಿಯಲ್ಲಿ ರೇಟು ಬೀಳುತ್ತದೆ.