ಬೇಳೆ ಒದಗಿಸುವ ಲೆಕ್ಕ

ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದ ಪಕ್ಕದ ಸಣ್ಣ ಕೋಣೆಯಲ್ಲಿ ಕುಳಿತು ಆಹಾರದ ಬಗ್ಗೆ ಸಲಹೆ ಕೊಡುವುದು ನನ್ನ ಕೆಲಸ. ಮೇಜಿನ ಮೇಲೆ ಒಂದು ಪುಟ್ಟ ತೂಕದ ಯಂತ್ರವಿದೆ, ಗಾಜಿನ ಸೀಸೆಗಳಲ್ಲಿ ತೊಗರಿಬೇಳೆ, ಹುರುಳಿ, ಅಕ್ಕಿ, ರಾಗಿ ಇವೆ. ಬಂದವರಿಗೆ ಮೊದಲು ಕೇಳುವುದು ಒಂದೇ ಪ್ರಶ್ನೆ: ನಿನ್ನೆ ಮನೆಯಲ್ಲಿ ಏನು ಅಡುಗೆ?

ಎರಡು ತಿಂಗಳ ಹಿಂದೆ ಬಂದ ಹೆಣ್ಣುಮಗಳು "ಅನ್ನ, ಸಾರು" ಎಂದರು. ಮೆಟ್ಟಿಲು ಹತ್ತಿದರೆ ಎದೆ ಬಡಿದುಕೊಳ್ಳುತ್ತದೆ ಎಂದು ವೈದ್ಯರ ಬಳಿ ಬಂದಿದ್ದವರು. ಹಿಮೋಗ್ಲೋಬಿನ್ 8.4, ಅಂದರೆ ರಕ್ತಹೀನತೆ. ಗಂಡ ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿ ಮೂರು ತಿಂಗಳಾಗಿತ್ತು. ಮನೆಯಲ್ಲಿ ಅತ್ತೆ, ಇಬ್ಬರು ಮಕ್ಕಳು ಸೇರಿ ಐದು ಜನ. ಸಾರಿಗೆ ಬೇಳೆ ಎಷ್ಟು ಹಾಕಿದಿರಿ ಎಂದು ಕೇಳಿ ಸೀಸೆ ಮುಂದಿಟ್ಟೆ. ಅವರು ಒಂದು ಹಿಡಿ ತೆಗೆದು ತಟ್ಟೆಗೆ ಸುರಿದರು. "ಇಷ್ಟೇ. ಬೇಳೆಯನ್ನು ಒದಗಿಸಬೇಕಲ್ಲ ಮೇಡಂ." ತೂಕ 48 ಗ್ರಾಂ ಬಂತು.

ಇದ್ದದ್ದೇ ಹೆಚ್ಚಾಗಿ ಸಾಲುವುದಕ್ಕೆ ಒದಗು ಎಂಬ ಮಾತನ್ನು ನಮ್ಮ ಅಡುಗೆಮನೆಗಳು ಬಹಳ ಹಿಂದಿನಿಂದ ಬಳಸುತ್ತ ಬಂದಿವೆ. ಹಳೆ ಅಕ್ಕಿ ಒದಗುತ್ತದೆ, ಹೊಸ ಅಕ್ಕಿ ಒದಗುವುದಿಲ್ಲ ಎನ್ನುತ್ತೇವೆ. ಹಳೆಯದಾದಷ್ಟೂ ಅಕ್ಕಿ ಹೆಚ್ಚು ನೀರು ಹೀರಿ ಅರಳುತ್ತದೆ, ಪಾತ್ರೆ ತುಂಬುತ್ತದೆ, ಹೊಟ್ಟೆಯೂ ತುಂಬಿದಂತೆ ತೋರುತ್ತದೆ. ಆದರೆ ಹೆಚ್ಚಿದ್ದು ನೀರು ಮಾತ್ರ. ಒಂದು ಲೋಟ ಅಕ್ಕಿಯಲ್ಲಿದ್ದ ಸತ್ವ ಅರಳಿದ ಮೇಲೂ ಅಷ್ಟೇ. ಸಾರಿಗೂ ಇದೇ ಮಾತು. 48 ಗ್ರಾಂ ತೊಗರಿಬೇಳೆಯನ್ನು ಐದು ಜನಕ್ಕೆ ಹಂಚಿದರೆ ಒಬ್ಬರಿಗೆ ಹತ್ತು ಗ್ರಾಂ ಕೂಡ ಇಲ್ಲ. ಅದರಲ್ಲಿ ಸಿಗುವ ಪ್ರೊಟೀನ್ ಎರಡು ಗ್ರಾಂ. 55 ಕೆ.ಜಿ. ತೂಕದ ಹೆಂಗಸಿಗೆ ದಿನಕ್ಕೆ ಸುಮಾರು 45 ಗ್ರಾಂ ಬೇಕು.

ಅನ್ನದಲ್ಲಿಯೂ ಪ್ರೊಟೀನ್ ಇದೆಯಲ್ಲ ಎಂದು ಕೇಳಬಹುದು. ಇದೆ. ನಾನೂರು ಗ್ರಾಂ ಅಕ್ಕಿಯಲ್ಲಿ ಮೂವತ್ತು ಗ್ರಾಂನಷ್ಟು ಇದೆ. ಆದರೆ ಅದರಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಬೇಳೆಯಲ್ಲಿ ಅದು ಧಾರಾಳವಾಗಿದೆ, ಅಕ್ಕಿಯಲ್ಲಿರುವ ಮತ್ತೊಂದು ಅಂಶ ಬೇಳೆಯಲ್ಲಿ ಕಡಿಮೆ. ಎರಡನ್ನೂ ಒಟ್ಟಿಗೆ ಉಂಡಾಗ ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತದೆ. ಬೇಳೆ ಕಡಿಮೆ ಮಾಡಿದಾಗ ಬೇಳೆಯ ಪ್ರೊಟೀನ್ ಮಾತ್ರ ಹೋಗುವುದಿಲ್ಲ, ಉಂಡ ಅನ್ನದ ಪ್ರೊಟೀನೂ ಪೂರ್ತಿ ಬಳಕೆಗೆ ಬರುವುದಿಲ್ಲ. ಧಾನ್ಯ ಮೂರು ಪಾಲಿದ್ದರೆ ಬೇಳೆಕಾಳು ಒಂದು ಪಾಲು ಇರಲಿ ಎಂಬುದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಲಹೆ. ಕೆಲಸ ಕಳೆದುಕೊಂಡ ಮನೆಗೆ ಅದನ್ನು ಹೇಳುವ ಧೈರ್ಯ ನನಗಿಲ್ಲ. ಕಷ್ಟಕಾಲಕ್ಕೆ ನಾನು ಹಿಡಿದಿರುವ ಲೆಕ್ಕ ಒಬ್ಬರಿಗೆ ದಿನಕ್ಕೆ 30 ಗ್ರಾಂ ಬೇಳೆ ಅಥವಾ ಕಾಳು. ಅದಕ್ಕಿಂತ ಕೆಳಗೆ ಇಳಿಯಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಆ ಹೆಣ್ಣುಮಗಳಿಗೆ ಅಂದು ನಾನು ಕೊಟ್ಟ ಕೆಲಸ ಒಂದೇ. ಮನೆಯ ಎಲ್ಲ ಡಬ್ಬಿ, ಡ್ರಮ್, ಚೀಲಗಳನ್ನು ನೆಲಕ್ಕಿಳಿಸಿ, ಇರುವುದನ್ನೆಲ್ಲ ಅಳೆದು ಬರೆದು ತನ್ನಿ. ಮುಂದಿನ ವಾರ ಮಗನ ನೋಟುಪುಸ್ತಕದ ಹಿಂಬದಿಯ ಹಾಳೆಯಲ್ಲಿ ಪಟ್ಟಿ ಬಂತು. ಅಕ್ಕಿ 31 ಕೆ.ಜಿ., ರಾಗಿ 14, ತೊಗರಿಬೇಳೆ 2, ಹುರುಳಿ ಒಂದೂವರೆ, ಹೆಸರುಕಾಳು ಅರ್ಧ, ಕಡಲೆಕಾಯಿ ಬೀಜ 1, ಬೆಲ್ಲ ಮುಕ್ಕಾಲು, ಒಡೆದ ಎಣ್ಣೆ ಪ್ಯಾಕೆಟ್ ಒಂದು, ಒಡೆಯದ್ದು ಒಂದು. ಹುರುಳಿ ತವರಿನಿಂದ ಬಂದದ್ದು, ಉಷ್ಣವೆಂದು ಹಾಗೇ ಇಟ್ಟಿದ್ದರಂತೆ.

ಇಬ್ಬರೂ ಕೂತು ಲೆಕ್ಕ ಹಾಕಿದೆವು. ಐದು ಜನಕ್ಕೆ ದಿನಕ್ಕೆ ಒಂದೂಮುಕ್ಕಾಲು ಕೆ.ಜಿ. ಧಾನ್ಯ ಎಂದುಕೊಂಡರೆ ಅಕ್ಕಿ, ರಾಗಿ ಸೇರಿ 25 ದಿನ ಬರುತ್ತವೆ. ತಲೆಗೆ 30 ಗ್ರಾಂನಂತೆ ದಿನಕ್ಕೆ 150 ಗ್ರಾಂ ಬೇಳೆಕಾಳು ಹಾಕಿದರೆ ಅವರಲ್ಲಿದ್ದ ನಾಲ್ಕು ಕೆ.ಜಿ. 26 ದಿನ ಬರುತ್ತದೆ. ಅವರು ಬಳಸುತ್ತಿದ್ದಂತೆ ದಿನಕ್ಕೆ ಒಂದೇ ಹಿಡಿ ಹಾಕಿದ್ದರೆ ಅದು 80 ದಿನ ದಾಟುತ್ತಿತ್ತು. ಅಂದರೆ ಅಕ್ಕಿ ಮೂರು ಸಲ ಖಾಲಿಯಾಗಿ ಪಡಿತರದಲ್ಲಿ ಮತ್ತೆ ಬರುವವರೆಗೂ ಬೇಳೆ ಡಬ್ಬಿಯಲ್ಲಿ ಕುಳಿತಿರುತ್ತಿತ್ತು, ಇವರ ರಕ್ತ ಮಾತ್ರ ಇಳಿಯುತ್ತಿತ್ತು. ನಾನು ನೋಡಿರುವ ಹೆಚ್ಚಿನ ಮನೆಗಳಲ್ಲಿ ಹೀಗೆಯೇ ಆಗುತ್ತದೆ. ದುಡ್ಡು ನಿಂತಾಗ ಮೊದಲು ಇಳಿಯುವುದು ಬೇಳೆ, ಎಣ್ಣೆ, ಹಾಲು, ತರಕಾರಿ. ಅಕ್ಕಿ ಇಳಿಯುವುದಿಲ್ಲ. ಆ ಇಳಿಕೆಯ ಹಿಂದೆ ಲೆಕ್ಕಕ್ಕಿಂತ ಭಯ ಹೆಚ್ಚಾಗಿರುತ್ತದೆ. ಅದಕ್ಕಾಗಿಯೇ ಅಳೆಯಿರಿ ಎನ್ನುತ್ತೇನೆ. ಡಬ್ಬಿಯ ಮುಚ್ಚಳ ತೆಗೆಯುವುದಕ್ಕೂ ಭಯವಾಗುತ್ತದೆ ಎಂದು ಒಬ್ಬರು ಹೇಳಿದ್ದರು. ಎಷ್ಟು ದಿನ ಬರುತ್ತದೆಂದು ತಿಳಿದ ಮೇಲೆ ಆ ಭಯಕ್ಕೊಂದು ಗಡಿ ಸಿಗುತ್ತದೆ.

ಹಾಗಾದರೆ 27ನೇ ದಿನಕ್ಕೆ ಏನು? ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಅವರ ಪಟ್ಟಿಯಲ್ಲಿ ಇರಲಿಲ್ಲ, ಅಂಗಡಿಯ ಉದ್ರಿ ಪುಸ್ತಕದಲ್ಲಿತ್ತು. ಮಕ್ಕಳಿಗೆಂದು ದಿನಕ್ಕೆ ಹತ್ತು ರೂಪಾಯಿಯ ಬಿಸ್ಕತ್ತು ಬರೆಸುತ್ತಿದ್ದರು, ತಿಂಗಳಿಗೆ ಮುನ್ನೂರು. ಆ ದುಡ್ಡಿಗೆ ನಮ್ಮೂರ ಸಂತೆಯಲ್ಲಿ ಮೂರು ಕೆ.ಜಿ.ಗೂ ಹೆಚ್ಚು ಹುರುಳಿ ಸಿಗುತ್ತದೆ. ತೊಗರಿಯಷ್ಟೇ ಪ್ರೊಟೀನ್, ಅದಕ್ಕಿಂತ ಹೆಚ್ಚು ಸುಣ್ಣದಂಶ, ಕಬ್ಬಿಣವೂ ಉಂಟು. ಮಕ್ಕಳಿಗೆ ಸಂಜೆಗೆ ಹುರಿದ ಕಡಲೆಕಾಯಿ ಬೀಜ ಒಂದು ಹಿಡಿ, ಚೂರು ಬೆಲ್ಲ. ಐದು ವರ್ಷದೊಳಗಿನ ಕೂಸುಗಳಿಗೆ ಇಡೀ ಬೀಜ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ, ಕುಟ್ಟಿ ಪುಡಿ ಮಾಡಿ ಕೊಡಿ.

ಬೇಳೆಯನ್ನು ನಿಜವಾಗಿ ಒದಗಿಸುವ ವಿದ್ಯೆ ನಮ್ಮ ಸೀಮೆಯ ಬಸ್ಸಾರಿನಲ್ಲಿದೆ. ಕಾಳನ್ನೂ ಸೊಪ್ಪನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿ, ಕಟ್ಟನ್ನು ಬಸಿದು, ಅದಕ್ಕೆ ಒಂದು ಸೌಟು ಬೆಂದ ಕಾಳು, ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು ರುಬ್ಬಿ ಹಾಕಿದರೆ ಸಾರು. ಉಳಿದ ಸೊಪ್ಪು, ಕಾಳಿಗೆ ಒಗ್ಗರಣೆ ಹಾಕಿದರೆ ಪಲ್ಯ. ಒಂದೇ ಉರಿಯಲ್ಲಿ ಎರಡು ಪದಾರ್ಥ, ನೀರಿಗಿಳಿದ ಸತ್ವವೂ ಚರಂಡಿಗೆ ಹೋಗುವುದಿಲ್ಲ. ಇಲ್ಲಿ ಬೇಳೆಯ ಜೊತೆಗೆ ಪಾತ್ರೆ ತುಂಬಿಸುವುದು ನೀರಲ್ಲ, ಸೊಪ್ಪು. ಅಣ್ಣೆಸೊಪ್ಪು, ಹೊನಗೊನೆ, ಕಿರಕಸಾಲೆ, ದಂಟು, ನುಗ್ಗೆಸೊಪ್ಪು, ಹೀಗೆ ಬದುವಿನಲ್ಲಿ, ಹಿತ್ತಲಿನಲ್ಲಿ ಸಿಗುವ ಬೆರಕೆ ಸೊಪ್ಪಿಗೆ ದುಡ್ಡು ಕೊಡಬೇಕಾಗಿಲ್ಲ. ಔಷಧಿ ಹೊಡೆದ ಹೊಲ, ಚರಂಡಿಯ ಅಂಚು ಬಿಟ್ಟು ಬೇರೆ ಕಡೆ ಕೊಯ್ಯಿರಿ. ಪಲ್ಯಕ್ಕೆ ಕೊನೆಯಲ್ಲಿ ನಿಂಬೆರಸ ಹಿಂಡಿದರೆ ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟವಾದ ತಕ್ಷಣ ಕಾಫಿ, ಟೀ ಕುಡಿದರೆ ಆ ಲಾಭ ಹೋಗುತ್ತದೆ. ಒಂದು ಗಂಟೆಯಾದರೂ ಬಿಡಿ.

ಹುರುಳಿ, ಹೆಸರುಕಾಳುಗಳನ್ನು ಮೊಳಕೆ ಕಟ್ಟಿ ಬಳಸಿ. ಒಣಕಾಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಿರುವ ಸಿ ವಿಟಮಿನ್ ಮೊಳಕೆಯಲ್ಲಿ ಹುಟ್ಟುತ್ತದೆ, ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಕಡಿಮೆಯಾಗುತ್ತದೆ, ಬೇಗ ಬೇಯುವುದರಿಂದ ಒಲೆಯ ಗ್ಯಾಸ್ ಖರ್ಚೂ ಉಳಿಯುತ್ತದೆ.

ಕಡಲೆಕಾಯಿಯ ಬಗ್ಗೆ ಒಂದು ಮಾತು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು 1950ರ ದಶಕದಲ್ಲಿ ಅಪೌಷ್ಟಿಕತೆಯನ್ನು ಎದುರಿಸಲು ಒಂದು ಪುಡಿಯನ್ನು ರೂಪಿಸಿದರು. ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮೂರು ಪಾಲು, ಕಡಲೆಹಿಟ್ಟು ಒಂದು ಪಾಲು, ಜೊತೆಗೆ ಜೀವಸತ್ವಗಳು. ನಮ್ಮ ಮನೆಯ ಕಡಲೆಕಾಯಿ, ಹುರಿಗಡಲೆ ಚಟ್ನಿಪುಡಿ ಅದರ ಹತ್ತಿರದ ನೆಂಟ. ಮುದ್ದೆಗೋ ಅನ್ನಕ್ಕೋ ಎರಡು ಚಮಚ ಕಲಸಿಕೊಂಡರೆ ತೆಳು ಸಾರಿನ ದಿನವೂ ತಟ್ಟೆಯಲ್ಲಿ ಏನೋ ಇರುತ್ತದೆ. ಉತ್ತರ ಕರ್ನಾಟಕದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಶೇಂಗಾ, ಅಗಸೆ, ಗುರೆಳ್ಳಿನ ಹಿಂಡಿ, ಅಂದರೆ ಚಟ್ನಿಪುಡಿ, ಅಲ್ಲಿ ನಿತ್ಯದ ಊಟ.

ಎಳೆಯ ಮಕ್ಕಳ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಕಟ್ಟುನಿಟ್ಟು. ಕಷ್ಟಕಾಲದಲ್ಲಿ ಕೂಸಿಗೆ ತೆಳ್ಳನೆಯ ಗಂಜಿ ಕುಡಿಸುತ್ತಾರೆ. ಪುಟ್ಟ ಹೊಟ್ಟೆ ನೀರಿನಲ್ಲೇ ತುಂಬುತ್ತದೆ, ಮಗು ಅಳು ನಿಲ್ಲಿಸುತ್ತದೆ, ತೂಕ ಮಾತ್ರ ಏರುವುದಿಲ್ಲ. ಹಿಟ್ಟು ಹೆಚ್ಚು ಹಾಕಿದರೆ ಗಟ್ಟಿಯಾಗಿ ಮಗು ನುಂಗುವುದಿಲ್ಲ. ಇದಕ್ಕೆ ಉಪಾಯ ಮೊಳಕೆ ರಾಗಿಯಲ್ಲಿದೆ. ರಾಗಿಯನ್ನು ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಬಿಸಿಲಿನಲ್ಲಿ ಒಣಗಿಸಿ, ಬೇರು ಉದುರುವಂತೆ ಉಜ್ಜಿ ಬೀಸಿಟ್ಟುಕೊಳ್ಳಿ. ಕಪ್ಪಾಗುವಂತೆ ಹುರಿಯಬೇಡಿ, ಹುರಿದರೆ ಅದರೊಳಗಿನ ಅಮೈಲೇಸ್ ಎಂಬ ಕಿಣ್ವ ಸಾಯುತ್ತದೆ. ಮಾಮೂಲಿ ರಾಗಿ ಹಿಟ್ಟಿನ ಗಂಜಿಯನ್ನು ಗಟ್ಟಿಯಾಗಿಯೇ ಕಾಯಿಸಿ ಇಳಿಸಿ, ಕುದಿ ಅಡಗಿದ ಮೇಲೆ ಇನ್ನೂ ಬಿಸಿಯಿರುವಾಗಲೇ ಈ ಹಿಟ್ಟು ಒಂದು ಚಮಚ ಕಲಸಿ ಹತ್ತು ನಿಮಿಷ ಬಿಡಿ. ಗಟ್ಟಿ ಗಂಜಿ ನಿಮ್ಮ ಕಣ್ಣೆದುರೇ ಸಡಿಲವಾಗುತ್ತದೆ. ಮತ್ತೊಮ್ಮೆ ಕುದಿಸಿ, ಅರ್ಧ ಚಮಚ ಎಣ್ಣೆಯೋ ತುಪ್ಪವೋ ಬೆರೆಸಿ, ಆರಿಸಿ ತಿನ್ನಿಸಿ. ಅಷ್ಟೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಮಗುವಿನ ಹೊಟ್ಟೆ ಸೇರುತ್ತದೆ. ಎಣ್ಣೆ ಉಳಿಸುವುದಿದ್ದರೆ ದೊಡ್ಡವರ ಬೋಂಡಾದಲ್ಲಿ ಉಳಿಸಿ, ಮಗುವಿನ ಬಟ್ಟಲಿನಲ್ಲಿ ಬೇಡ.

ಇಟ್ಟದ್ದನ್ನು ಹುಳು ತಿಂದರೆ ಅದೂ ಖರ್ಚೇ. ಮೂತಿ ಉದ್ದವಿರುವ ಕಪ್ಪು ಅಕ್ಕಿಹುಳು ಕಾಳಿನೊಳಗೇ ಮೊಟ್ಟೆ ಇಡುತ್ತದೆ, ತಿಂಗಳ ಸುಮಾರಿಗೆ ಹೊರಬರುತ್ತದೆ. ಹಾಗಾಗಿ ಹೊಸ ಪಡಿತರವನ್ನು ಹಳೆಯದರ ಮೇಲೆ ಸುರಿಯಬೇಡಿ, ಹಳೆಯದು ಮುಗಿಯಲಿ. ಕಾಳುಗಳನ್ನು ಬಿಸಿಲಿಗೆ ಹಾಕಬಹುದು, ಅಕ್ಕಿಯನ್ನು ಸುಡುಬಿಸಿಲಿಗೆ ಹಾಕಿದರೆ ಬಿರುಕು ಬಿಟ್ಟು ನುಚ್ಚಾಗುತ್ತದೆ, ನೆರಳಿನಲ್ಲಿ ಹರಡಿ ಮೊರದಲ್ಲಿ ಕೇರಿದರೆ ಸಾಕು. ಹುಳು ಬಿದ್ದ ಅಕ್ಕಿಯನ್ನು ಕೇರಿ ತೊಳೆದು ಉಣ್ಣಬಹುದು. ಬೂಷ್ಟು ಹಿಡಿದ, ಸುಕ್ಕಾಗಿ ಕಹಿಯಾದ ಕಡಲೆಕಾಯಿಯನ್ನು ಮಾತ್ರ ಎಷ್ಟೇ ಹೊಟ್ಟೆ ಉರಿದರೂ ಎಸೆಯಿರಿ. ಅದರಲ್ಲಿ ಬೆಳೆಯುವ ಅಫ್ಲಟಾಕ್ಸಿನ್ ಎಂಬ ವಿಷ ಈಲಿಗೆ (ಲಿವರ್‌ಗೆ) ಕೆಟ್ಟದ್ದು, ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಉಳಿದ ಅನ್ನವನ್ನು ಕುಕ್ಕರಿನಲ್ಲೇ ಬೆಚ್ಚಗೆ ಬಿಡಬೇಡಿ. ಬೇಗ ಆರಿಸಿ, ಕುದಿಸಿ ಆರಿಸಿದ ನೀರು ಹಾಕಿ ಮುಚ್ಚಿಟ್ಟು, ಬೆಳಗ್ಗೆಯೇ ಮಜ್ಜಿಗೆ, ಈರುಳ್ಳಿ ಸೇರಿಸಿ ಉಂಡು ಮುಗಿಸಿ.

ಪಡಿತರ ಅಕ್ಕಿಯಲ್ಲಿ ಬಣ್ಣ ಬೇರೆಯಾಗಿ ಕಾಣುವ, ತೊಳೆಯುವಾಗ ತೇಲುವ ಕಾಳುಗಳನ್ನು ಪ್ಲಾಸ್ಟಿಕ್ ಎಂದು ಆರಿಸಿ ಬಿಸಾಡುವವರನ್ನು ವಾರಕ್ಕೊಬ್ಬರನ್ನಾದರೂ ನೋಡುತ್ತೇನೆ. ಅವು ಸಾರವರ್ಧಿತ ಅಕ್ಕಿಯ ಕಾಳುಗಳು. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ ಅಕ್ಕಿಯ ಆಕಾರದಲ್ಲಿ ಒತ್ತಿ, ನೂರು ಕಾಳಿಗೆ ಒಂದರಂತೆ ಬೆರೆಸಿರುತ್ತಾರೆ. ರಕ್ತಹೀನತೆಯಿರುವ ಮನೆಯಲ್ಲಿ ಅದನ್ನೇ ಆರಿಸಿ ಎಸೆಯುವುದನ್ನು ಕಂಡಾಗ ಸಂಕಟವಾಗುತ್ತದೆ. ಎರಡು ಸಲ ತೊಳೆದರೆ ಸಾಕು, ಗಂಜಿ ಬಸಿಯದೆ ಇಂಗಿಸಿ ಅನ್ನ ಮಾಡಿ. ಬಸಿದರೆ ಆ ತಿಳಿಗೆ ಉಪ್ಪು, ಮಜ್ಜಿಗೆ ಹಾಕಿ ಕುಡಿಯಿರಿ.

ಇಷ್ಟೆಲ್ಲ ಹೇಳಿದ ಮೇಲೆ ಆ ಹೆಣ್ಣುಮಗಳಿಗೆ ನಾನು ಕೇಳಿದ ಪ್ರಶ್ನೆ, ನಿಮ್ಮ ತಟ್ಟೆಗೆ ಏನು ಬೀಳುತ್ತದೆ ಎಂಬುದು. ಅವರು ತಲೆ ತಗ್ಗಿಸಿದರು. ಎಲ್ಲರದೂ ಆದ ಮೇಲೆ ಪಾತ್ರೆಯಲ್ಲಿ ಉಳಿದ ತಿಳಿಸಾರು, ಅನ್ನ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಇದಕ್ಕೆ ಕಾರಣಗಳು ಹಲವು, ಅವುಗಳಲ್ಲಿ ಈ ಕೊನೆಯ ತಟ್ಟೆಯೂ ಒಂದು ಎಂದು ನಾನು ನಂಬಿದ್ದೇನೆ. ಅವರಿಗೆ ಹೇಳಿದ್ದು ಇಷ್ಟೇ. ಪಲ್ಯ ಇಳಿಸಿದ ಕೂಡಲೇ ಐದು ಬಟ್ಟಲಿಗೆ ಹಾಕಿ, ಒಂದು ನಿಮ್ಮದು, ಅದಕ್ಕೆ ಮುಚ್ಚಳ ಮುಚ್ಚಿ. ಅತ್ತೆಯವರಿಗೆ ನಾನೇ ಫೋನ್ ಮಾಡಿ ಮಾತನಾಡಿದೆ. ಆಕೆ ಬೈಯುತ್ತಾರೆಂದು ಸೊಸೆ ಹೆದರಿದ್ದರು. "ನನಗೆ ಗೊತ್ತಿರಲಿಲ್ಲ ಕಣಮ್ಮ, ಬಟ್ಟಲು ನಾನೇ ತೆಗೆದಿಡುತ್ತೇನೆ" ಎಂದರು ಆ ಹಿರಿಯರು.

ಮಕ್ಕಳ ಶಾಲೆಯ ಬಿಸಿಯೂಟ, ಹಾಲು, ಮೊಟ್ಟೆಯನ್ನೂ ಮನೆಯ ದಾಸ್ತಾನಿಗೆ ಸೇರಿಸಿ ಲೆಕ್ಕ ಹಾಕಿ ಎಂದೂ ಹೇಳಿದೆ. ಶಾಲೆ ತಪ್ಪಿಸಿದ ದಿನ ಒಂದು ಊಟ ತಪ್ಪುತ್ತದೆ. ಮನೆಯಲ್ಲಿ ಬಸುರಿ, ಬಾಣಂತಿ ಇದ್ದರೆ ಅಂಗನವಾಡಿಯ ಮಾತೃಪೂರ್ಣ ಊಟವಿದೆ. ಅಲ್ಲಿಗೆ ಹೋಗಲು ನಾಚಿಕೆಪಡುವವರಿದ್ದಾರೆ. ದಯವಿಟ್ಟು ನಾಚಬೇಡಿ, ಅದು ನಿಮ್ಮ ಹಕ್ಕಿನ ಅನ್ನ.

ಮೊನ್ನೆ ಅವರು ಕಬ್ಬಿಣದ ಮಾತ್ರೆ ತೆಗೆದುಕೊಳ್ಳಲು ಬಂದಿದ್ದರು. ಹಿಮೋಗ್ಲೋಬಿನ್ 9.6 ಆಗಿದೆ. ಗಂಡನಿಗೆ ಇನ್ನೂ ಕೆಲಸ ಸಿಕ್ಕಿಲ್ಲ, ವಾರಕ್ಕೆ ಮೂರು ದಿನ ಕೂಲಿ ಸಿಗುತ್ತಿದೆ. ಬೇಳೆ ಡಬ್ಬಿಯ ಮೇಲೆ ಬಳಪದಲ್ಲಿ ಅದು ಮುಗಿಯುವ ತಾರೀಖು ಬರೆದಿಟ್ಟಿದ್ದಾರಂತೆ, 19. ಅದಕ್ಕೆ ಮುಂಚಿನ ಸಂತೆ 16ಕ್ಕೆ. ಹುರುಳಿಗೆಂದು ಇನ್ನೂರು ರೂಪಾಯಿ ತೆಗೆದಿಟ್ಟಾಗಿದೆ ಎಂದರು.