ಸಾಕೆಟ್: ಪ್ರೊಸೆಸರ್ ಕೂರುವ ಮಣೆ

ಗೀಸರ್‌ನ ದಪ್ಪ ಪ್ಲಗ್ಗನ್ನು ಮೊಬೈಲ್ ಚಾರ್ಜರ್ ಹಾಕುವ ಸಣ್ಣ ಸಾಕೆಟ್‌ಗೆ ತುರುಕಲು ನೋಡಿದವರಿಗೆ ಈ ಪದ ಅರ್ಧ ಗೊತ್ತಿದ್ದ ಹಾಗೆಯೇ. ಒಂದು 6 ಆಂಪಿಯರ್‌ನದು, ಇನ್ನೊಂದು 16ರದು. ಎರಡರಲ್ಲೂ ಹರಿಯುವುದು ಅದೇ ಕರೆಂಟ್. ಆದರೆ ಗೀಸರ್ ಎಳೆಯುವಷ್ಟನ್ನು ಸಣ್ಣ ಸಾಕೆಟ್ ತಡೆಯುವುದಿಲ್ಲ. ಯಾರೂ ತಪ್ಪಿ ಹಾಕದಿರಲಿ ಎಂದೇ ತೂತುಗಳ ಅಳತೆ ಬೇರೆ ಮಾಡಿದ್ದಾರೆ.

ಕಂಪ್ಯೂಟರಿನ ಭಾಗಗಳನ್ನೆಲ್ಲ ಜೋಡಿಸುವ ಮುಖ್ಯ ಹಲಗೆ ಮದರ್‌ಬೋರ್ಡ್. ಅದರ ಮೇಲಿನ ಸಾಕೆಟ್ ಕೂಡ ಇದೇ ಬಳಗದ್ದು. ಪಕ್ಕದಲ್ಲೊಂದು ಪುಟ್ಟ ಲಿವರ್ ಇರುವ ಆ ಚೌಕ ಜಾಗ ಇದೆಯಲ್ಲ, ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ಕೂರುವುದು ಅಲ್ಲೇ. ಗೋಡೆಯ ಸಾಕೆಟ್‌ನಲ್ಲಿ ಮೂರು ತೂತಿದ್ದರೆ ಇಲ್ಲಿ ಸಾವಿರದ ಲೆಕ್ಕ. ಪ್ರೊಸೆಸರ್ ಮಾಡುವ ದೊಡ್ಡ ಕಂಪನಿಗಳು ಎಎಂಡಿ ಮತ್ತು ಇಂಟೆಲ್. ಎಎಂಡಿಯ ಎಎಂ5 ಸಾಕೆಟ್‌ನಲ್ಲಿ 1718 ಪಿನ್‌ಗಳಿವೆ. ಇಂಟೆಲ್‌ನ ಎಲ್‌ಜಿಎ 1700, ಎಲ್‌ಜಿಎ 1851ಗಳಲ್ಲಿ ಎಷ್ಟಿವೆ ಎಂದು ಹೆಸರೇ ಹೇಳುತ್ತದೆ. ಇವುಗಳಲ್ಲಿ ದೊಡ್ಡ ಪಾಲು ಬರೀ ಕರೆಂಟ್ ಒಯ್ಯಲು. ಉಳಿದವು ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿಗಳ ಜೊತೆ ಮಾತಾಡಲು.

ಗೇಮ್ ಆಡುತ್ತಾ ಅದನ್ನೇ ಲೈವ್ ಬಿಡಬೇಕು, ಅದಕ್ಕೊಂದು ಪಿಸಿ ಕಟ್ಟಬೇಕು ಎಂದು ಬರುವವರು ಮೊದಲು ಕೇಳುವುದು "ಯಾವ ಪ್ರೊಸೆಸರ್ ತಗೊಳ್ಳಲಿ?" ಅಂತ. ನಾನು ತಿರುಗಿ "ಯಾವ ಸಾಕೆಟ್?" ಎಂದರೆ ಸುಮ್ನೆ ಮುಖ ನೋಡುತ್ತಾರೆ. ಪ್ರೊಸೆಸರನ್ನು ಮುಂದಿನ ವರ್ಷ ಬದಲಿಸಬಹುದು, ಗ್ರಾಫಿಕ್ಸ್ ಕಾರ್ಡನ್ನು ಅದರ ಮುಂದಿನ ವರ್ಷ. ಸಾಕೆಟ್ ಬದಲಿಸಲು ಬರುವುದಿಲ್ಲ, ಅದನ್ನು ಬೋರ್ಡಿಗೆ ಬೆಸೆದಿರುತ್ತಾರೆ. ಬೇರೆ ಸಾಕೆಟ್ ಬೇಕೆಂದರೆ ಬೋರ್ಡೇ ಹೊಸದು, ಎಷ್ಟೋ ಸಲ ಜೊತೆಗೆ ರ‍್ಯಾಮೂ ಹೊಸದು.

ಹಿಂದೆ ಇಷ್ಟು ಕಷ್ಟ ಇರಲಿಲ್ಲ. 1990ರ ದಶಕದ ನಡುವಿನಲ್ಲಿ ಸಾಕೆಟ್ 7 ಎಂಬುದಿತ್ತು. ಅದರಲ್ಲಿ ಇಂಟೆಲ್‌ನ ಪೆಂಟಿಯಂ ಕೂರುತ್ತಿತ್ತು, ಎಎಂಡಿಯ ಕೆ6 ಕೂರುತ್ತಿತ್ತು, ಸೈರಿಕ್ಸ್ ಎಂಬ ಮೂರನೆಯವರ ಚಿಪ್ಪೂ ಕೂರುತ್ತಿತ್ತು. ಒಂದೇ ಮಣೆ, ಮೂರು ಮನೆಯ ನೆಂಟರು. 1997ರಲ್ಲಿ ಇಂಟೆಲ್ ಪೆಂಟಿಯಂ 2 ತಂದಾಗ ಸಾಕೆಟ್ಟನ್ನೇ ಬಿಟ್ಟು ಸ್ಲಾಟ್ 1 ಮಾಡಿತು. ಪ್ರೊಸೆಸರ್ ವಿಡಿಯೊ ಗೇಮ್ ಕ್ಯಾಸೆಟ್‌ನಂತೆ ನೆಟ್ಟಗೆ ನಿಲ್ಲುತ್ತಿತ್ತು. ಎಎಂಡಿ 1999ರಲ್ಲಿ ತನ್ನದೇ ಸ್ಲಾಟ್ ಎ ತಂದಿತು. ಸ್ಲಾಟ್‌ಗಳು ಬೇಗ ಮರೆಯಾದವು, ಚೌಕ ಸಾಕೆಟ್ ಮರಳಿ ಬಂತು. ಆದರೆ ಅಲ್ಲಿಂದಾಚೆ ಇಬ್ಬರ ಮಣೆ ಮತ್ತೆ ಒಂದಾಗಲೇ ಇಲ್ಲ.

ಹೆಸರಿನಲ್ಲಿರುವ ಎಲ್‌ಜಿಎ ಎಂದರೆ ಲ್ಯಾಂಡ್ ಗ್ರಿಡ್ ಅರೇ. ಪಿನ್‌ಗಳು ಸಾಕೆಟ್‌ನಲ್ಲಿರುತ್ತವೆ, ಪ್ರೊಸೆಸರ್‌ನ ತಳ ನುಣ್ಣಗೆ, ಚಿನ್ನದ ಬಣ್ಣದ ಚುಕ್ಕೆಗಳು ಮಾತ್ರ. ಹಳೆಯ ಬಗೆ ಪಿಜಿಎ, ಅಂದರೆ ಪಿನ್ ಗ್ರಿಡ್ ಅರೇ. ಅಲ್ಲಿ ಪಿನ್‌ಗಳು ಪ್ರೊಸೆಸರ್‌ನ ಹೊಟ್ಟೆಯಡಿ. ಇಂಟೆಲ್ ತನ್ನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳನ್ನು 2004ರಲ್ಲೇ ಎಲ್‌ಜಿಎಗೆ ತಂದಿತು. ಎಎಂಡಿ, ಎಎಂ5ರ ಹಿಂದಿನ ಸಾಕೆಟ್ಟಾದ ಎಎಂ4 ತನಕ ಪಿಜಿಎ ಬಿಡಲಿಲ್ಲ. ಹೀಗಾಗಿ ಎಎಂ4 ಇರುವವರು ಪ್ರೊಸೆಸರ್ ಮೇಲೆ ಕೂತು ಅದನ್ನು ತಣ್ಣಗಿಡುವ ಕೂಲರ್ ಬಿಚ್ಚುವಾಗ ಹುಷಾರಾಗಿರಬೇಕು. ಎರಡರ ನಡುವೆ ಹಚ್ಚಿದ ಥರ್ಮಲ್ ಪೇಸ್ಟ್ ಒಣಗಿ ಅಂಟಿಕೊಂಡು ಪ್ರೊಸೆಸರ್ ಕೂಲರ್ ಜೊತೆಗೇ ಎದ್ದುಬರಬಹುದು. ಹತ್ತು ನಿಮಿಷ ಗೇಮ್ ಓಡಿಸಿ ಬಿಸಿ ಮಾಡಿ, ಪಿಸಿ ಆಫ್ ಮಾಡಿ, ಕೂಲರನ್ನು ಅತ್ತಿತ್ತ ಮೆಲ್ಲಗೆ ತಿರುಗಿಸಿ ತೆಗೆಯುವುದು ಕ್ಷೇಮ. ಪ್ರೊಸೆಸರ್‌ನ ಪಿನ್ ಸ್ವಲ್ಪ ಬಾಗಿದರೆ ತಾಳ್ಮೆ ಇರುವವರು ನೆಟ್ಟಗೆ ಮಾಡಿಕೊಳ್ಳಬಹುದು. ಎಲ್‌ಜಿಎ ಸಾಕೆಟ್‌ನ ಕೂದಲೆಳೆಯಂಥ ಪಿನ್ ಬಾಗಿದರೆ ಬೋರ್ಡಿನ ಆಸೆ ಬಿಟ್ಟಂತೆಯೇ.

ಸಂಖ್ಯೆ ಒಂದೇ ಆದರೆ ಹೊಂದುತ್ತದೆ ಎಂದುಕೊಳ್ಳುವುದೂ ಅಪಾಯ. ಎಲ್‌ಜಿಎ 1151 ಇದಕ್ಕೆ ಸಾಕ್ಷಿ. 2015ರಲ್ಲಿ ಇಂಟೆಲ್‌ನ ಆರನೇ ತಲೆಮಾರಿನ ಜೊತೆ ಬಂತು, ಏಳನೆಯದೂ ಅದರಲ್ಲೇ ನಡೆಯಿತು. 2017ರಲ್ಲಿ ಎಂಟನೇ ತಲೆಮಾರು ಬಂದಾಗಲೂ ಹೆಸರು ಅದೇ, 1151. ಪಿನ್ ಲೆಕ್ಕವೂ ಅದೇ. ಆದರೆ ಒಳಗೆ ಕೆಲವು ಪಿನ್‌ಗಳ ಕೆಲಸ ಬದಲಾಗಿತ್ತು, ಕರೆಂಟ್‌ಗೆ ಜಾಸ್ತಿ ಪಿನ್ ಕೊಟ್ಟಿದ್ದರು. ಹಳೆ ಬೋರ್ಡಿನಲ್ಲಿ ಹೊಸ ಚಿಪ್ ಕೂರುತ್ತದೆ, ಬೂಟ್ ಆಗುವುದಿಲ್ಲ. ಇದೇನು ನ್ಯಾಯ ಅಂತ ಆಗಲೇ ಜನ ಕೇಳಿದ್ದರು. ಹೆಸರನ್ನಾದರೂ ಬದಲಿಸಬೇಕಿತ್ತು ಎಂಬುದು ನನ್ನ ಮಾತು.

ಎಎಂ4 ಕಥೆ ಇದಕ್ಕೆ ಉಲ್ಟಾ. 2016ರಲ್ಲಿ ಬಂದ ಸಾಕೆಟ್ ಅದು. 2017ರಲ್ಲಿ ಎಎಂಡಿಯ ರೈಜೆನ್ ಸಾಲಿನ ಮೊದಲ ಪ್ರೊಸೆಸರ್ ಅದರಲ್ಲೇ ಕೂತಿತು. 2022ರಲ್ಲಿ ಗೇಮಿಂಗ್‌ಗೆಂದೇ 96 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) ಹೊತ್ತು ಬಂದ ರೈಜೆನ್ 7 5800ಎಕ್ಸ್3ಡಿ ಕೂಡ ಅದರಲ್ಲೇ ಕೂತಿತು. 2024ರಲ್ಲೂ ಅದಕ್ಕೆ ಹೊಸ ಚಿಪ್ ಬಂತು. ಕೆಲವು ವರ್ಷ ಮೊದಲೇ ಅಗ್ಗದ ರೈಜೆನ್ ಹಾಕಿಸಿದವರು ಎಷ್ಟೋ ಬೋರ್ಡ್‌ಗಳಲ್ಲಿ ಪ್ರೊಸೆಸರ್ ಒಂದನ್ನೇ ಬದಲಿಸಿ ಹೊಸ ಪಿಸಿಯ ಸುಖ ಕಂಡರು.

ಹಾಗಂತ ಅದು ಸರಾಗವಾಗಿ ಏನೂ ಆಗಲಿಲ್ಲ. 2020ರ ಮೇ ತಿಂಗಳಲ್ಲಿ ಎಎಂಡಿ, ಮುಂದೆ ಬರುವ ರೈಜೆನ್ 5000 ಚಿಪ್‌ಗಳು ಎಎಂ4ನ ಹಳೆಯ ಬಿ450, ಎಕ್ಸ್470 ಬೋರ್ಡ್‌ಗಳಲ್ಲಿ ನಡೆಯುವುದಿಲ್ಲ ಎಂದಿತು. ಜನ ಗಲಾಟೆ ಮಾಡಿದರು. ಅದೇ ತಿಂಗಳು ಮಾತು ಹಿಂದೆಗೆದುಕೊಂಡಿತು. ಅಡ್ಡಿ ಎಲ್ಲಿತ್ತು ಗೊತ್ತಾ? ಸಾಕೆಟ್‌ನಲ್ಲಿ ಅಲ್ಲ. ಬಯೋಸ್, ಅಂದರೆ ಪಿಸಿ ಆನ್ ಆದೊಡನೆ ಮೊದಲು ಓಡುವ ತಂತ್ರಾಂಶ, ಅದನ್ನು ಇಡುವ ಪುಟ್ಟ ಮೆಮೊರಿ ಚಿಪ್‌ನಲ್ಲಿ. ಅನೇಕ ಬೋರ್ಡ್‌ಗಳಲ್ಲಿ ಅದು ಬರೀ 16 ಎಂಬಿ. ಇಷ್ಟೊಂದು ಪ್ರೊಸೆಸರ್‌ಗಳ ವಿವರ ಅದರಲ್ಲಿ ಹಿಡಿಸುತ್ತಿರಲಿಲ್ಲ. ಕೆಲವು ಬೋರ್ಡ್ ತಯಾರಕರು ಬಯೋಸ್‌ನ ಬಣ್ಣದ ಮೆನುವನ್ನೇ ಕಿತ್ತುಹಾಕಿ ಜಾಗ ಮಾಡಿಕೊಂಡರು.

ಬಯೋಸ್ ವಿಷಯದಲ್ಲಿ ನಾನೂ ಪಾಠ ಕಲಿತಿದ್ದೇನೆ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಚೌಕಾಸಿ ಮಾಡಿ ಒಂದು ಬೋರ್ಡ್ ತಂದೆ, ಹಳೆ ಸ್ಟಾಕ್. ಪ್ರೊಸೆಸರ್ ಹೊಸದು, ಬೇರೆ ಕಡೆಯದು. ಸಾಕೆಟ್ ಹೆಸರು ಎರಡರಲ್ಲೂ ಒಂದೇ ಎಂದು ನೋಡಿಕೊಂಡಿದ್ದೆ, ಅಷ್ಟೇ. ಮನೆಗೆ ಬಂದು ಜೋಡಿಸಿದರೆ ಫ್ಯಾನ್ ತಿರುಗುತ್ತದೆ, ಲೈಟ್ ಮಿನುಗುತ್ತದೆ, ಸ್ಕ್ರೀನ್ ಮಾತ್ರ ಕಪ್ಪು. ಎರಡು ದಿನ ರ‍್ಯಾಮ್ ಕಿತ್ತು ಹಾಕಿ, ಕಿತ್ತು ಹಾಕಿ ಕೈ ನೋವು ಬಂತು. ಕೊನೆಗೆ ರಿಪೇರಿ ಅಂಗಡಿಯ ಹುಡುಗ ತನ್ನ ಹತ್ತಿರವಿದ್ದ ಹಳೆ ಪ್ರೊಸೆಸರ್ ಕೂರಿಸಿ ಬಯೋಸ್ ಅಪ್‌ಡೇಟ್ ಮಾಡಿದ. ಕಾಲು ಗಂಟೆ ಕೆಲಸ. ಈಗ ಬೋರ್ಡ್ ಕೊಳ್ಳುವಾಗ ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇದೆಯಾ ಎಂದು ಮೊದಲು ನೋಡುತ್ತೇನೆ. ಅದಿದ್ದರೆ ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ಅಪ್‌ಡೇಟ್ ಆಗುತ್ತದೆ.

ಸಾಕೆಟ್ ಒಂದೇ ಇದ್ದರೂ ಬೋರ್ಡ್‌ಗಳಲ್ಲಿ ಮೇಲು ಕೀಳು ಯಾಕೆ? ಚಿಪ್‌ಸೆಟ್‌ನಿಂದ, ಅಂದರೆ ಯುಎಸ್‌ಬಿ, ಎಸ್‌ಎಸ್‌ಡಿಯಂಥವನ್ನು ಪ್ರೊಸೆಸರ್‌ಗೆ ಜೋಡಿಸುವ ಬೋರ್ಡಿನ ಇನ್ನೊಂದು ಚಿಪ್‌ನಿಂದ. ಎಎಂ5ನಲ್ಲಿ ಎ620, ಬಿ650, ಎಕ್ಸ್670 ಎಂದಿವೆ. ಎಲ್‌ಜಿಎ 1700ರಲ್ಲಿ ಎಚ್610, ಬಿ760, ಝಡ್790. ಮೇಲೆ ಹೋದಂತೆ ಯುಎಸ್‌ಬಿ, ಎಸ್‌ಎಸ್‌ಡಿ ಜಾಗ, ಸ್ಲಾಟ್‌ಗಳು ಹೆಚ್ಚುತ್ತವೆ. ಬರೀ ಗೇಮ್ ಆಡುವವರಿಗೆ ಇದು ಅಷ್ಟು ತಟ್ಟುವುದಿಲ್ಲ. ಸ್ಟ್ರೀಮ್ ಮಾಡುವವರು ಮಾತ್ರ ಲೆಕ್ಕ ಹಾಕಲೇಬೇಕು: ವೆಬ್‌ಕ್ಯಾಮ್, ಮೈಕ್, ಮೌಸ್, ಕೀಬೋರ್ಡ್, ಹೆಡ್‌ಸೆಟ್, ಮುಂದೊಂದು ದಿನ ಹೊರಗಿನ ವಿಡಿಯೊ ಹಿಡಿಯುವ ಕ್ಯಾಪ್ಚರ್ ಕಾರ್ಡ್. ತೀರಾ ಅಗ್ಗದ ಬೋರ್ಡಿನಲ್ಲಿ ಯುಎಸ್‌ಬಿ ಹಬ್ ನೇತುಹಾಕುವ ಗತಿ ಬರುತ್ತದೆ. ಇನ್ನೊಂದು ಮಾತು, ಇಂಟೆಲ್‌ನಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಮಾಡಲು, ಅಂದರೆ ನಿಗದಿಗಿಂತ ವೇಗವಾಗಿ ಓಡಿಸಲು, ಹೆಸರಿನ ಕೊನೆಗೆ ಕೆ ಇರುವ ಚಿಪ್ಪೂ ಬೇಕು, ಝಡ್ ಬೋರ್ಡೂ ಬೇಕು. ಕೆ ಚಿಪ್ ತಂದು ಬಿ760ರಲ್ಲಿ ಕೂರಿಸಿದರೆ ನಡೆಯುತ್ತದೆ, ಆದರೆ ಆ ಸೌಲಭ್ಯಕ್ಕೆ ಕೊಟ್ಟ ದುಡ್ಡು ಹೊಳೆಗೆ ಹುಣಸೆ ಕಿವುಚಿದ ಹಾಗೆ.

ಜನ ಗಮನಿಸದ ಇನ್ನೊಂದು ಭಾಗ ಸಾಕೆಟ್‌ನ ಸುತ್ತಲೇ ಇದೆ. ವಿಆರ್‌ಎಂ ಅಂತ. ಸಾಲಾಗಿ ನಿಂತ ಪುಟ್ಟ ಚೌಕಗಳು, ಒಳ್ಳೆ ಬೋರ್ಡಿನಲ್ಲಿ ಅವುಗಳ ಪಕ್ಕದ ಚಿಪ್‌ಗಳ ಮೇಲೆ ಲೋಹದ ಹೊದಿಕೆ. ಪವರ್ ಸಪ್ಲೈ ಕೊಡುವ 12 ವೋಲ್ಟನ್ನು ಪ್ರೊಸೆಸರ್‌ಗೆ ಬೇಕಾದ ಒಂದು ವೋಲ್ಟ್ ಆಸುಪಾಸಿಗೆ ಇಳಿಸುವುದು ಇದರ ಕೆಲಸ. ಗೀಸರ್ ಉದಾಹರಣೆ ನೆನಪಿದೆಯಲ್ಲ? ರೈಜೆನ್ 7 7800ಎಕ್ಸ್3ಡಿಯ ಟಿಡಿಪಿ (ಕೂಲರ್ ತಣಿಸಬೇಕಾದ ಬಿಸಿಯ ಲೆಕ್ಕ) 120 ವಾಟ್, ಆಟದಲ್ಲಿ ಅದು ಅಷ್ಟನ್ನೂ ಎಳೆಯುವುದಿಲ್ಲ. ಇಂಟೆಲ್‌ನ ಐ9 14900ಕೆ 253 ವಾಟ್ ತನಕ ಎಳೆಯಬಹುದು. ಎಚ್610 ಬೋರ್ಡಿನಲ್ಲೂ ಅದು ಕೂರುತ್ತದೆ, ಸಾಕೆಟ್ ಬೇಡ ಎನ್ನುವುದಿಲ್ಲ. ಆದರೆ ಮೂರು ಗಂಟೆ ಲೈವ್ ಮಾಡಿದರೆ ವಿಆರ್‌ಎಂ ಕಾದು, ಪ್ರೊಸೆಸರ್ ವೇಗ ಇಳಿದು, ಆಟ ತಡವರಿಸಲು ಶುರುವಾಗುತ್ತದೆ. ಅರ್ಧ ಗಂಟೆ ಆಡುವವರಿಗೆ ಇದು ಗೊತ್ತೇ ಆಗುವುದಿಲ್ಲ.

ಹಾಗಾದರೆ ಸ್ಟ್ರೀಮಿಂಗ್‌ಗೆ ಹದಿನಾರು ಕೋರ್ (ಪ್ರೊಸೆಸರ್ ಒಳಗಿನ ಕೆಲಸಗಾರ ಘಟಕ) ಬೇಕಾ? ಹಿಂದೆ ಹೀಗೆ ಕೇಳಿದರೆ ಹೌದೆನ್ನಬಹುದಿತ್ತು. ಆಗ ವಿಡಿಯೊವನ್ನು ಕಳಿಸಲು ಆಗುವಷ್ಟು ಕುಗ್ಗಿಸುವ, ಅಂದರೆ ಎನ್‌ಕೋಡ್ ಮಾಡುವ ಕೆಲಸವನ್ನು ಎಕ್ಸ್264 ಎಂಬ ತಂತ್ರಾಂಶದ ಮೂಲಕ ಪ್ರೊಸೆಸರ್‌ಗೇ ಹೊರಿಸುತ್ತಿದ್ದರು. ಆಟವೂ ಅದಕ್ಕೇ, ಎನ್‌ಕೋಡೂ ಅದಕ್ಕೇ. ಈಗ ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಎನ್‌ವೆಂಕ್ ಎಂಬ ಪ್ರತ್ಯೇಕ ಭಾಗವೇ ಅದನ್ನು ಮಾಡುತ್ತದೆ. ಲೈವ್ ಬಿಡಲು ಬಳಸುವ ಒಬಿಎಸ್ ತಂತ್ರಾಂಶದ ಸೆಟ್ಟಿಂಗ್‌ನಲ್ಲಿ ಆರಿಸಿಕೊಂಡರಾಯಿತು. ಇಂಟೆಲ್ ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್‌ನಲ್ಲಿ ಇದೇ ಕೆಲಸಕ್ಕೆ ಕ್ವಿಕ್ ಸಿಂಕ್ ಇದೆ. ಆದರೆ ಹೆಸರಿನ ಕೊನೆಗೆ ಎಫ್ ಇರುವ ಚಿಪ್‌ಗಳಲ್ಲಿ, ಉದಾಹರಣೆಗೆ ಐ5 12400ಎಫ್‌ನಲ್ಲಿ, ಆ ಗ್ರಾಫಿಕ್ಸ್ ಇಲ್ಲ, ಕ್ವಿಕ್ ಸಿಂಕೂ ಇಲ್ಲ. ಹಾಗಾಗಿ ಕಾರ್ಡ್ ಎನ್‌ಕೋಡ್ ನೋಡಿಕೊಳ್ಳುವುದಾದರೆ ಆರರಿಂದ ಎಂಟು ಕೋರ್ ಸಾಕು. ಉಳಿಸಿದ ದುಡ್ಡನ್ನು ಕಾರ್ಡಿಗೆ ಹಾಕಿ.

ಈಗ ಹೊಸದಾಗಿ ಕಟ್ಟುವವರಿಗೆ ನನ್ನ ಓಟು ಎಎಂ5ಗೆ. 2022ರಲ್ಲಿ ಬಂತು, ಡಿಡಿಆರ್5 ರ‍್ಯಾಮ್ ಮಾತ್ರ ಒಪ್ಪುತ್ತದೆ, 2027 ಮತ್ತು ಅದರಾಚೆಗೂ ಈ ಸಾಕೆಟ್ ಬಿಡುವುದಿಲ್ಲ ಎಂದು ಎಎಂಡಿ ಹೇಳಿದೆ. ಒಂದು ಒಳ್ಳೆ ಬಿ650 ಬೋರ್ಡ್, ಸದ್ಯಕ್ಕೆ ರೈಜೆನ್ 5 7600, ಕೈಗೆ ದುಡ್ಡು ಬಂದಾಗ ಗೇಮಿಂಗ್‌ನ ಎಕ್ಸ್3ಡಿ ಚಿಪ್. ಎಲ್‌ಜಿಎ 1700ರಲ್ಲಿ 12, 13, 14ನೇ ತಲೆಮಾರು ಮುಗಿದು ಇಂಟೆಲ್ 2024ರ ಅಕ್ಟೋಬರ್‌ನಲ್ಲಿ ಎಲ್‌ಜಿಎ 1851ಕ್ಕೆ ಹೋಯಿತು. ಹಳೆಯ ಡಿಡಿಆರ್4 ರ‍್ಯಾಮ್ ಕೈಲಿದ್ದರೆ ಮಾತ್ರ 1700 ಇನ್ನೂ ಲಾಭ, ಯಾಕಂದ್ರೆ ಅದಕ್ಕೆ ಎರಡೂ ಬಗೆಯ ಬೋರ್ಡ್‌ಗಳಿವೆ. 13, 14ನೇ ತಲೆಮಾರಿನ ಚಿಪ್ ತಗೊಂಡರೆ ಬಯೋಸ್ ಅಪ್‌ಡೇಟ್ ಮರೆಯಬೇಡಿ. ಅವುಗಳಲ್ಲಿ ವೋಲ್ಟೇಜ್ ಹೆಚ್ಚಾಗಿ ಚಿಪ್ ಸವೆಯುವ ದೋಷ ಇತ್ತು, 2024ರಲ್ಲಿ ಇಂಟೆಲ್ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಸೂಚನೆಗಳು) ತಿದ್ದಿ ಕೊಟ್ಟಿತು.

ಬೋರ್ಡ್ ಡಬ್ಬಿ ಬಿಚ್ಚಿದಾಗ ಎಲ್‌ಜಿಎ ಬಗೆಯ ಸಾಕೆಟ್ ಮೇಲೆ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಪ್ರೊಸೆಸರ್ ಕೂರಿಸಿದ ಮೇಲೆ ಅದನ್ನು ಎಸೆಯಬೇಡಿ. ಬೋರ್ಡನ್ನು ವಾರಂಟಿಗೆ ಕಳಿಸುವಾಗ ಅದು ಹಾಕಿರಬೇಕು, ಇಲ್ಲದಿದ್ದರೆ ದಾರಿಯಲ್ಲಿ ಪಿನ್ ಬಾಗಬಹುದು. ಬಾಗಿದ ಪಿನ್ ಕಂಡರೆ ವಾರಂಟಿ ಕೊಡುವುದೂ ಕಷ್ಟ. ನನ್ನದು ಬಿಲ್ಲಿನ ಜೊತೆ ಅದೇ ಡಬ್ಬಿಯಲ್ಲಿದೆ.