ವಾಕರಿಕೆ ಬಾರದ ಹನ್ನೊಂದು ಮಂದಿ

ತೀರ್ಥಹಳ್ಳಿಯಿಂದ ಉಡುಪಿಗೆ ಹೊರಟ ಬಸ್ಸು ಆಗುಂಬೆ ಘಟ್ಟದ ತಿರುವುಗಳಿಗೆ ಇಳಿದರೆ ಒಳಗಿನ ಮಾತು ಕಡಿಮೆಯಾಗುತ್ತದೆ. ಒಬ್ಬರು ನಿಂಬೆಹಣ್ಣು ಮೂಸುತ್ತಾರೆ, ಇನ್ನೊಬ್ಬರು ಪ್ಲಾಸ್ಟಿಕ್ ಕೊಟ್ಟೆ ಸಿದ್ಧವಾಗಿಟ್ಟುಕೊಳ್ಳುತ್ತಾರೆ. ಹೊಟ್ಟೆಯನ್ನು ಬೈದು ಪ್ರಯೋಜನವಿಲ್ಲ, ತಕರಾರು ಕಿವಿಯದು. ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರೆವೃತ್ತ ನಾಳಗಳಿವೆ. ತಲೆ ಎತ್ತ ತಿರುಗಿತೆಂದು ಮಿದುಳಿಗೆ ತಿಳಿಸುವುದು ಅವುಗಳ ಕೆಲಸ. ಪಕ್ಕದ ಪುಟ್ಟ ಚೀಲಗಳಲ್ಲಿರುವ ಸುಣ್ಣದ ಹರಳುಗಳಿಂದ ಮೇಲು ಕೆಳಗು ಗೊತ್ತಾಗುತ್ತದೆ. ಎದುರಿನ ಸೀಟು ನೋಡುವ ಕಣ್ಣು ಅಲುಗಾಟವಿಲ್ಲ ಎಂದು, ಕಿವಿ ಗಿರಗಿರನೆ ತಿರುಗುತ್ತಿದ್ದೇವೆ ಎಂದು ವರದಿ ಕೊಟ್ಟರೆ ವಾಕರಿಕೆ ಶುರು.

ಕಕ್ಷೆಯಲ್ಲಿ ಈ ಜಗಳ ಇನ್ನೂ ಜೋರು. ತೂಕವೇ ಇಲ್ಲದ ಕಡೆ ಹರಳುಗಳಿಗೆ ಕೆಳಗು ಯಾವುದು? ಗಗನಯಾತ್ರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮೊದಲ ಎರಡು ಮೂರು ದಿನ ನರಳುತ್ತಾರೆ.

ಮನುಷ್ಯ ಇನ್ನೂ ಮೇಲೆ ಹೋಗಿರದ 1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆ ಮತ್ತು ನಾಸಾ ಇದರ ಗುಟ್ಟು ತಿಳಿಯಲು ಹೊರಟವು. ಅದಕ್ಕೆ ಆರಿಸಿದ್ದು ವಾಷಿಂಗ್ಟನ್ನಿನ ಕಿವುಡರ ಕಾಲೇಜಾದ ಗ್ಯಾಲೋಡೆಟ್‌ನ 11 ಗಂಡಸರನ್ನು. ಒಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಚಿಕ್ಕಂದಿನಲ್ಲಿ ಮೆನಿಂಜೈಟಿಸ್ (ಮಿದುಳಿನ ಪೊರೆಯ ಉರಿಯೂತ) ಬಂದು ಕಿವುಡಾದವರು. ಆ ಕಾಯಿಲೆ ಅವರ ಒಳಗಿವಿಯ ಸಮತೋಲದ ಅಂಗವನ್ನೂ ಕೆಡಿಸಿತ್ತು, ಹಾಗಾಗಿ ಕಣ್ಣು ಕಿವಿಯ ಜಗಳವೂ ಇಲ್ಲ, ವಾಕರಿಕೆಯೂ ಇಲ್ಲ. ಫ್ಲಾರಿಡಾದ ಪೆನ್ಸಕೋಲಾದಲ್ಲಿ ಬಿಡದೆ ತಿರುಗುವ ಕೋಣೆಯೊಳಗೆ ಕೆಲವರು 12 ದಿನ ಉಂಡು ಮಲಗಿ ಕಳೆದರು. ಕೆನಡಾದ ನೋವಾ ಸ್ಕಾಟಿಯಾ ಬಳಿ ಅಬ್ಬರದ ಕಡಲಿಗೂ ಕರೆದೊಯ್ದರು. ಅಲ್ಲಿ ಇವರು ಆರಾಮವಾಗಿ ಇಸ್ಪೀಟು ಆಡಿಕೊಂಡಿದ್ದರೆ, ದಾಖಲಿಸಿಕೊಳ್ಳಬೇಕಾದ ಸಂಶೋಧಕರೇ ವಾಂತಿಯಿಂದ ಕಂಗೆಟ್ಟು ಪ್ರಯೋಗ ನಿಲ್ಲಿಸಬೇಕಾಯಿತು. ಇದನ್ನು ಓದಿದಾಗಲೆಲ್ಲ ನನಗೆ ನಗು ಬರುತ್ತದೆ.

ಆದರೆ ಗಗನಯಾತ್ರಿಯಾಗಲು ಆ ಹನ್ನೊಂದರಲ್ಲಿ ಒಬ್ಬರಿಗೂ ಕರೆ ಬರಲಿಲ್ಲ. 1959ರಲ್ಲಿ ನಾಸಾ ಆರಿಸಿದ ಮೊದಲ ಏಳು ಮಂದಿ ಸೇನೆಯ ಪರೀಕ್ಷಾ ಪೈಲಟ್‌ಗಳು. ಪ್ರಯೋಗಕ್ಕೆ ಬೇಕಾದ ದೇಹ ಪ್ರಯಾಣಕ್ಕೆ ಬೇಡವಾಯಿತು. ನನ್ನ ಲೆಕ್ಕದಲ್ಲಿ ಅದು ವಿಜ್ಞಾನದ ತೀರ್ಮಾನವಲ್ಲ, ಬರೀ ರೂಢಿ.

ಕಾಲಿನ ವಿಷಯ ನೋಡಿ. ಮಲೆನಾಡಿನಲ್ಲಿ ಕಾಲು ಸ್ವಾಧೀನವಿಲ್ಲದವರಿಗೆ ಮಳೆಗಾಲವೆಂದರೆ ಗೃಹಬಂಧನ. ಹಳ್ಳದ ಮೇಲಿನ ಕಾಲುಸಂಕ ದಾಟಿದರೆ ತಾನೇ ರಸ್ತೆ, ಶಾಲೆ, ಆಸ್ಪತ್ರೆ? ಬಾಹ್ಯಾಕಾಶ ನಿಲ್ದಾಣದಲ್ಲಿ ಯಾರೂ ನಡೆಯುವುದಿಲ್ಲ. ಕೈಯಿಂದ ಹಿಡಿಕೆ ಎಳೆದುಕೊಂಡು ತೇಲುತ್ತಾರೆ. ಒಂದೆಡೆ ನಿಲ್ಲಬೇಕಾದಾಗ ಮಾತ್ರ ಪಾದವನ್ನು ಕಂಬಿಗೆ ಸಿಕ್ಕಿಸುತ್ತಾರೆ. ಬ್ರಿಟನ್ನಿನ ಶಸ್ತ್ರವೈದ್ಯ ಜಾನ್ ಮೆಕ್‌ಫಾಲ್ 19ನೇ ವಯಸ್ಸಿನಲ್ಲಿ ಬೈಕ್ ಅಪಘಾತದಿಂದ ಬಲಗಾಲು ಕಳೆದುಕೊಂಡವರು. ಐರೋಪ್ಯ ಬಾಹ್ಯಾಕಾಶ ಸಂಸ್ಥೆ 2022ರಲ್ಲಿ ಅವರನ್ನು ಆರಿಸಿತು. ತೂಕವಿಲ್ಲದೆಡೆ ದೇಹದ ದ್ರವ ತಲೆಯತ್ತ ಸರಿಯುವುದರಿಂದ ಮೊಂಡುಗಾಲಿನ ಗಾತ್ರ ಬದಲಾಗಿ ಕೃತಕ ಕಾಲು ಸಡಿಲವಾದೀತೇ, ಇಳಿದ ಮೇಲೆ ತಾನಾಗಿ ಹೊರಬರಬಲ್ಲರೇ ಎಂಬಂಥ ಪ್ರಶ್ನೆಗಳನ್ನೆಲ್ಲ ಪರಿಶೀಲಿಸಿ, 2025ರಲ್ಲಿ ದೀರ್ಘಾವಧಿಯ ಯಾನಕ್ಕೂ ಅವರು ಅರ್ಹರೆಂದಿತು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಗಾಲಿಕುರ್ಚಿ ಬಳಸುವ ಜರ್ಮನಿಯ ಎಂಜಿನಿಯರ್ ಮಿಖಾಯೆಲಾ ಬೆಂಟ್‌ಹೌಸ್ ಅಮೆರಿಕದ ಖಾಸಗಿ ಕಂಪನಿ ಬ್ಲೂ ಆರಿಜಿನ್‌ನ ನೌಕೆಯಲ್ಲಿ ಬಾಹ್ಯಾಕಾಶಕ್ಕೆ ಸುಮಾರು ಹತ್ತು ನಿಮಿಷದ ಹಾರಾಟ ಮಾಡಿ ಬಂದರು. ಅವರಿಗಾಗಿ ನೌಕೆಯನ್ನು ಹೊಸದಾಗಿ ಕಟ್ಟಲಿಲ್ಲ. ಬಾಗಿಲಿನಿಂದ ಸೀಟಿಗೆ ಜಾರಿಕೊಂಡು ಹೋಗಲು ಒಂದು ಹಲಗೆ ಇಟ್ಟರು.